ಉಪ್ಪಿನ ಮಾತು, ಜಿಗಿತದ ಮಾತು



ಪ್ರಭು ಯೇಸು ಶಿಷ್ಯರನ್ನು ಉಪ್ಪಿಗೆ ಹೋಲಿಸಿದ ಶುಭಸಂದೇಶ (ಮತ್ತಾಯ 5:13) ಬಂದಾಗಲೆಲ್ಲ ನಾವು ಪ್ರಬೋಧನೆಯಲ್ಲಿ ಒಂದು ಕಥೆ ಹೇಳುತ್ತಿದ್ದೆವು. ರೋಮಿನ ಸಿಪಾಯಿಗಳಿಗೆ ಉಪ್ಪನ್ನೇ ಸಂಬಳವಾಗಿ ಕೊಡುತ್ತಿದ್ದರು, ಇಂಗ್ಲಿಷಿನ 'ಸ್ಯಾಲರಿ' ಹುಟ್ಟಿದ್ದೇ ಹಾಗೆ ಎಂದು. ಜನರಿಗೂ ಅದು ಹಿಡಿಸುತ್ತಿತ್ತು. ಒಮ್ಮೆ ಪೂಜೆ ಮುಗಿದ ಮೇಲೆ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದಳು: "ಫಾದರ್, ಹಾಗಾದರೆ ಇನ್ಸಲ್ಟ್, ರಿಸಲ್ಟ್ ಇವುಗಳಲ್ಲೂ ಉಪ್ಪು ಇದೆಯಾ?" ನಮ್ಮ ಬಳಿ ಉತ್ತರವಿರಲಿಲ್ಲ. ಸೆಮಿನರಿ ದಿನಗಳ ಲ್ಯಾಟಿನ್ ನಿಘಂಟಿನ ಧೂಳು ಕೊಡವಬೇಕಾಯಿತು.

ಲ್ಯಾಟಿನ್ನಿನಲ್ಲಿ 'ಸಾಲ್' ಎಂದರೆ ಉಪ್ಪು. 'ಸಲೀರೆ' ಎಂದರೆ ಜಿಗಿಯುವುದು. ತಮಾಷೆಯೆಂದರೆ ಉಪ್ಪು ಹಾಕುವುದಕ್ಕೂ ಅವರು 'ಸಲೀರೆ' ಎನ್ನುತ್ತಿದ್ದರು. ರೂಪ ಒಂದೇ, ಬೇರು ಬೇರೆ. ಉಪ್ಪಿನ ಮನೆಯಿಂದ ಇಂಗ್ಲಿಷಿಗೆ ಸಾಸ್, ಸಲಾಡ್, ಸಾಸೇಜ್ ಬಂದವು, ಎಲ್ಲವೂ ಅಡುಗೆಮನೆಯವೇ. ಜಿಗಿತದ ಮನೆಯಿಂದ ಮೇಲೆ ಬೀಳುವ 'ಅಸಾಲ್ಟ್', ಲಾಗ ಹಾಕುವ 'ಸಾಮರ್‌ಸಾಲ್ಟ್' ಬಂದವು. 'ಇನ್ಸಲ್ಟ್' ಎಂದರೆ ಮೂಲದಲ್ಲಿ ಒಬ್ಬನ ಮೇಲೆ ಹಾರಿ ಬೀಳುವುದು. 'ರಿಸಲ್ಟ್' ಎಂದರೆ ಹಿಂದಕ್ಕೆ ಪುಟಿಯುವುದು. ಸ್ಕಾಟ್ಲೆಂಡಿನ ಬಾವುಟದಲ್ಲಿರುವ ಸಂತ ಅಂದ್ರೇಯರ ಓರೆ ಶಿಲುಬೆಯ ಹೆಸರು 'ಸಾಲ್ಟಾಯರ್'. ಅದರಲ್ಲಿಯೂ ಉಪ್ಪಿಲ್ಲ. ಹಳೆಯ ಇಂಗ್ಲಿಷ್ ಬರಹಗಳಲ್ಲಂತೂ 'ಸಾಲ್ಟ್' ಎಂಬ ಪದಕ್ಕೇ ನೆಗೆತ ಎಂಬ ಅರ್ಥವೂ ಇತ್ತು. ಆ ಬಳಕೆ ಈಗ ಅಳಿದಿದೆ. ಊಟದ ಮೇಜಿನ 'ಸಾಲ್ಟ್' ಮಾತ್ರ ಲ್ಯಾಟಿನ್ನಿನಿಂದ ಬಂದದ್ದಲ್ಲ. ಅದು ಇಂಗ್ಲಿಷಿನ ಸ್ವಂತ ಪದ, ಲ್ಯಾಟಿನ್ 'ಸಾಲ್'ಗೆ ದಾಯಾದಿ.

ಇನ್ನು ನಮ್ಮ ಕಥೆ. 'ಸ್ಯಾಲರಿ'ಯಲ್ಲಿ ಉಪ್ಪು ಇದೆ, ಅದು ನಿಜ. ಮೊದಲನೆಯ ಶತಮಾನದ ಪ್ಲಿನಿ ಎಂಬ ರೋಮನ್ ಲೇಖಕನೂ ಈ ನಂಟನ್ನು ಸೂಚಿಸುತ್ತಾನೆ. ಆದರೆ ಸಿಪಾಯಿಗಳಿಗೆ ಸಂಬಳದ ಬದಲು ಉಪ್ಪನ್ನು ಅಳೆದು ಕೊಟ್ಟರೆಂದು ಆ ಕಾಲದ ಬರಹಗಳು ಹೇಳುವುದಿಲ್ಲ. ಅವರ ಕೈ ಸೇರುತ್ತಿದ್ದುದು ನಾಣ್ಯ. ವರ್ಷಗಟ್ಟಲೆ ಪೂಜಾಪೀಠದ ಪಕ್ಕದಲ್ಲಿ ನಿಂತು, ಪರಿಶೀಲಿಸದ ಮಾತನ್ನು ಹೇಳಿದ್ದೆವು. ಮುಂದಿನ ಭಾನುವಾರ ಅದನ್ನು ತಿದ್ದಿ ಹೇಳುವಾಗ ಸ್ವಲ್ಪ ಮುಜುಗರವೇ ಆಯಿತು.

ಆದರೆ ನಿಘಂಟು ನಮ್ಮನ್ನು ಬರಿಗೈಯಲ್ಲಿ ಕಳುಹಿಸಲಿಲ್ಲ. 'ಎಕ್ಸಲ್ಟ್', ಅಂದರೆ ಹರ್ಷದಿಂದ ಉಬ್ಬುವುದು, ಜಿಗಿತದ ಮನೆಯದೇ. ಮೇ 31ರ ಹಬ್ಬದಂದು ನಾವು ಮಾತೆ ಮರಿಯಮ್ಮನವರು ಎಲಿಜಬೇತಳನ್ನು ಕಾಣಲು ಹೋದ ಪ್ರಸಂಗವನ್ನು ಓದುತ್ತೇವಲ್ಲ (ಲೂಕ 1:39-56), ಅಲ್ಲಿ ಗರ್ಭದ ಕೂಸು ಕುಣಿಯುತ್ತದೆ. ಮರಿಯಮ್ಮನವರ ಆತ್ಮ ಹರ್ಷಿಸುತ್ತದೆ. ಗ್ರೀಕ್ ಮೂಲದಲ್ಲಿ ಇವೆರಡಕ್ಕೂ ಬೇರೆ ಬೇರೆ ಕ್ರಿಯಾಪದಗಳು. ಸಂತ ಜೆರೋಮರ ಲ್ಯಾಟಿನ್ ಬೈಬಲಿನಲ್ಲಿ ಎರಡಕ್ಕೂ ಒಂದೇ: 'ಎಕ್ಸುಲ್ತಾವಿತ್', ಮೇಲಕ್ಕೆ ಜಿಗಿಯಿತು. ಆ ತಾಯಿಯ ಹರ್ಷವೂ ಈ ಕೂಸಿನ ಒದೆತವೂ ಅಲ್ಲಿ ಒಂದೇ ಮಾತಾಗಿವೆ. ಪಾಸ್ಖ ಜಾಗರಣೆಯ ರಾತ್ರಿ ಮೊಂಬತ್ತಿಯ ಬೆಳಕಿನಲ್ಲಿ ಹಾಡುವ ಘೋಷಣಾಗೀತೆಯ ಲ್ಯಾಟಿನ್ ಹೆಸರು, ಅದರ ಮೊದಲ ಪದ, 'ಎಕ್ಸುಲ್ತೆತ್' ಕೂಡ ಇದೇ.

ಉಪ್ಪಿಗೂ ಧರ್ಮಸಭೆಯಲ್ಲಿ ಜಾಗವಿತ್ತು. 1969ರಲ್ಲಿ ಶಿಶುಗಳ ದೀಕ್ಷಾಸ್ನಾನದ ವಿಧಿ ಪರಿಷ್ಕರಣೆಯಾಗುವವರೆಗೆ ಗುರುಗಳು ಕೂಸಿನ ನಾಲಗೆಯ ಮೇಲೆ ಒಂದು ಚಿಟಿಕೆ ಉಪ್ಪು ಇಡುತ್ತಿದ್ದರು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ತಮ್ಮದು ನೆನಪಿರದಿದ್ದರೂ, ತಮ್ಮ ತಂಗಿಯದೋ ತಮ್ಮನದೋ ಮುಖ ಸಿಂಡರಿಸಿದ್ದು ಕೆಲವರಿಗಾದರೂ ನೆನಪಿದ್ದೀತು.