ದಸರೆಯ ಲಂಗಕ್ಕೆ ಮೂರು ಟಕ್ಕು

ನವರಾತ್ರಿಯ ಸಂಜೆ ಗೊಂಬೆ ಆರತಿಗೆ ಹೊರಡುವ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಉದ್ದಲಂಗ ಹೊಲಿಯುವುದು ಮೈಸೂರಿನ ಹಳೆಯ ರೂಢಿ. ಅದನ್ನು ಮೆಚ್ಚುವವರು ಅಮ್ಮನ ಪ್ರೀತಿಯ ಮಾತು ತೆಗೆಯುತ್ತಾರೆ, ಇಲ್ಲವೇ ಉಳಿತಾಯದ ಲೆಕ್ಕ ಹೇಳುತ್ತಾರೆ. ಎರಡೂ ಅಷ್ಟು ಗಟ್ಟಿಯಾದ ವಾದಗಳಲ್ಲ. ಪ್ರೀತಿ ತೋರಿಸಲು ಸೂಜಿಯೇ ಬೇಕೆಂದಿಲ್ಲ. ಹೊಸ ಜರಿಬಟ್ಟೆ, ಲೈನಿಂಗ್, ಲೇಸು ಎಲ್ಲ ಕೂಡಿಸಿದರೆ ಖರ್ಚು ಎಷ್ಟೋ ಸಲ ರೆಡಿಮೇಡ್ ಅಂಗಡಿಯ ಬೆಲೆಯನ್ನೇ ಮುಟ್ಟುತ್ತದೆ. ಮನೆ ಹೊಲಿಗೆಯ ಲಾಭ ಬೇರೆ ಕಡೆ ಇದೆ: ಮಗು ಬೆಳೆಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ಅಲ್ಲಿ ಕತ್ತರಿ ಹಾಕಬಹುದು.

ನಾಲ್ಕರಿಂದ ಹತ್ತು ವರ್ಷದ ತನಕ ಮಕ್ಕಳು ವರ್ಷಕ್ಕೆ ಸುಮಾರು 5–6 ಸೆಂ.ಮೀ. ಎತ್ತರವಾಗುತ್ತಾರೆ, ಅದರಲ್ಲಿ ಸೊಂಟದ ಕೆಳಗಿನ ಪಾಲು ಅರ್ಧಕ್ಕಿಂತ ಹೆಚ್ಚು. ಲಂಗವೋ, ಹೆಚ್ಚಿನ ಕತ್ತರಿ ಕೆಲಸವಿಲ್ಲದ ಉಡುಪು: ನೇರವಾದ ಬಟ್ಟೆ, ಮೇಲೆ ನೆರಿಗೆ, ನಡುಪಟ್ಟಿ, ಕೆಳಗೆ ಅಂಚು. ಅಂಚಿನ ಮೇಲ್ಗಡೆ 2.5 ಸೆಂ.ಮೀ. ಅಗಲದ ಒಂದು ಟಕ್ಕು ಹಿಡಿದರೆ 5 ಸೆಂ.ಮೀ. ಬಟ್ಟೆ ಒಳಗೆ ಹೋಗುತ್ತದೆ. ಅಂಥ ಮೂರು ಹಿಡಿದು ವರ್ಷಕ್ಕೊಂದು ಬಿಚ್ಚುತ್ತ ಬಂದರೆ ಲಂಗ ನಾಲ್ಕು ದಸರೆ ಕಾಣುತ್ತದೆ. ರವಿಕೆ ಅಷ್ಟು ಸುಲಭಕ್ಕೆ ಬಗ್ಗದು. ಅಂಗಡಿಯ ಉಡುಪಿನಲ್ಲಿ ಹೊಲಿಗೆಯಾಚೆ ಒಂದು ಸೆಂ.ಮೀ. ಉಳಿದಿದ್ದರೆ ಪುಣ್ಯ, ಓವರ್‌ಲಾಕ್ ಹೊಡೆದು ಮಿಕ್ಕಿದ್ದನ್ನು ಸವರಿರುತ್ತಾರೆ. ಮನೆಯಲ್ಲಿ ಎರಡೂ ಪಕ್ಕಕ್ಕೆ ಮೂರು ಸೆಂ.ಮೀ. ಮಾರ್ಜಿನ್ ಬಿಟ್ಟುಕೊಳ್ಳಬಹುದು, ಆದರೂ ತೋಳಿನ ಬುಡ ಬಿಗಿಯಾಗಿ ಎರಡು ವರ್ಷಕ್ಕೆ ಬೇರೆ ರವಿಕೆ ಬೇಕಾಗುತ್ತದೆ. ಅದಕ್ಕಾಗಿ ಒಂದಿಷ್ಟು ಬಟ್ಟೆ ಎತ್ತಿಡುವುದು ಜಾಣತನ.

ಲಂಗದ ಬಟ್ಟೆ ಹೊಸದೇ ಆಗಬೇಕಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಶುರುವಾಗಿ ಈಗ ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿ ಕೈಯಲ್ಲಿರುವ ಮಾನಂದವಾಡಿ ರಸ್ತೆಯ ಕಾರ್ಖಾನೆಯ ಕ್ರೇಪ್ ಸೀರೆಗಳು ಮೈಸೂರಿನ ಎಷ್ಟೋ ಬೀರುಗಳಲ್ಲಿ ಮಡಿಸಿಟ್ಟಲ್ಲೇ ಇವೆ. ಅವುಗಳ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ, ಒಡಲು ಸವೆದರೂ ಅಂಚು ಮಾಸದೆ ಉಳಿಯುತ್ತದೆ. ಐದೂವರೆ ಮೀಟರಿನ ಸೀರೆಯಲ್ಲಿ ಎರಡು ಲಂಗ ಬರುತ್ತದೆ, ರವಿಕೆಗೂ ಮಿಗುತ್ತದೆ, ಚೂರುಪಾರು ಪಟ್ಟದ ಗೊಂಬೆಗಳಿಗಾಯಿತು. ಆದರೆ ಮಡಿಕೆಯ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಲೇಬೇಕು; ಅಲ್ಲಿ ರೇಷ್ಮೆ ಸೀಳಿದ್ದರೆ ಆ ಭಾಗ ಬಿಟ್ಟು ಕತ್ತರಿಸಬೇಕು. ಇನ್ನೊಂದು ಮಾತು: ದೀಪದ ನಡುವೆ ಓಡಾಡುವ ಮಗುವಿಗೆ ನೈಲಾನ್ ನೆಟ್ಟಿನ ಫ್ರಾಕಿಗಿಂತ ರೇಷ್ಮೆ ವಾಸಿ. ನೈಲಾನ್ ಕರಗಿ ಮೈಗೆ ಅಂಟುತ್ತದೆ, ರೇಷ್ಮೆಗೆ ಬೆಂಕಿ ಅಷ್ಟು ಬೇಗ ಹತ್ತದು. ಹಾಗೆಂದು ಆರತಿಯ ಬಳಿ ಮೈಮರೆಯುವಂತಿಲ್ಲ.

ಟಕ್ಕು ಬಿಚ್ಚಿದರೆ ಗೆರೆ ಕಾಣುತ್ತದಲ್ಲ ಎನ್ನುವವರಿದ್ದಾರೆ. ಕಾಣುತ್ತದೆ, ಒಳಗಿದ್ದ ಬಣ್ಣ ಗಾಢವಾಗಿಯೂ ಇರುತ್ತದೆ. ಸಣ್ಣ ಸೂಜಿಯಲ್ಲಿ ಕೈಹೊಲಿಗೆ ಹಾಕಿದ್ದರೆ ತೂತು ಕಡಿಮೆ. ಉಳಿದ ಗೆರೆಯ ಮೇಲೆ ತೆಳು ಲೇಸು ಓಡಿಸಬಹುದು. ಇದಕ್ಕಿಂತ ತೂಕದ ಆಕ್ಷೇಪ ದುಡಿಮೆಯದು. ಕಜ್ಜಾಯ, ಚಕ್ಕುಲಿ, ಗೊಂಬೆ ಜೋಡಣೆ ಎಲ್ಲ ಹೊತ್ತ ಹೆಂಗಸಿನ ತಲೆಗೆ ಹೊಲಿಗೆಯನ್ನೂ ಕಟ್ಟಿ, ಅದಕ್ಕೆ ಸಂಸ್ಕೃತಿ ಎಂದು ಹೆಸರಿಡುವುದು ಅನ್ಯಾಯವೇ ಸರಿ. ಹೊಲಿಗೆ ಮಿಷನ್ನು ಗಂಡಸರ ಕಾಲಿಗೂ ತಿರುಗುತ್ತದೆ. ಬೀದಿಬೀದಿಯ ಟೈಲರುಗಳಲ್ಲಿ ಗಂಡಸರು ಕಡಿಮೆಯೇನಿಲ್ಲ. ಮನೆಯಲ್ಲಿ ಯಾರಿಗೂ ಆಗದಿದ್ದರೆ ಟೈಲರಿಗೇ ಕೊಟ್ಟು, ಮೂರು ಟಕ್ಕು ಹಿಡಿಯಬೇಕು, ಪಕ್ಕದಲ್ಲಿ ಇಷ್ಟು ಮಾರ್ಜಿನ್ ಬಿಡಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರೂ ಲಾಭ ಅಷ್ಟೇ. ಆದರೆ ಗೌರಿ ಹಬ್ಬಕ್ಕೆ ಮೊದಲೇ ಕೊಡಬೇಕು. ಮಹಾಲಯ ಅಮಾವಾಸ್ಯೆ ಹತ್ತಿರವಾದ ಮೇಲೆ ಹೋದರೆ ಟೈಲರು ಅಳತೆ ಟೇಪನ್ನೇ ಕೈಗೆತ್ತಿಕೊಳ್ಳುವುದಿಲ್ಲ.