ಫೋನ್ ಇದ್ದ ಮೇಲೆ ಇನ್ನೊಂದು ಡಬ್ಬ ಯಾಕೆ?

ನಾರ್‌ಶೋಪಿಂಗ್‌ನಿಂದ ಮಾತಾಡುತ್ತಿದ್ದೇನೆ.

ಈ ಸಲದ ಮಾತಿಗೆ ಕಾರಣ ನಮ್ಮ ಶನಿವಾರದ ಕನ್ನಡ ತರಗತಿಗೆ ಬರುವ ಹದಿನಾರು ವರ್ಷದ ಒಬ್ಬ ಹುಡುಗ. ಬೇಸಿಗೆ ರಜೆಯಲ್ಲಿ ಮೂರು ವಾರ ಕೆಲಸ ಮಾಡಿ ಮೊದಲ ಸಲ ಸ್ವಂತ ಸಂಬಳ ಕಂಡಿದ್ದಾನೆ. ಆ ದುಡ್ಡಿನಲ್ಲಿ ನಿಂಟೆಂಡೊ ಸ್ವಿಚ್ ಕೊಳ್ಳಬೇಕೆಂದು ಅವನ ಆಸೆ. "ಆಂಟಿ, ಅಪ್ಪ ಬೇಡ ಅಂತಾರೆ. ಫೋನಲ್ಲೇ ಗೇಮ್ ಇದೆಯಲ್ಲ, ಇನ್ನೊಂದು ಡಬ್ಬ ಯಾಕೆ ಅಂತಾರೆ. ನೀವೊಂದು ಮಾತು ಹೇಳಿ" ಅಂದ. ಕಾಗುಣಿತ ತಿದ್ದುವವಳಿಗೆ ಈ ಪಂಚಾಯಿತಿ ಯಾಕೆ ಬೇಕು ಅನ್ನಿಸಿತು. ಆದರೆ ಎರಡು ವರ್ಷದ ಹಿಂದೆ ನನ್ನ ಮಗನಿಗೆ ನಾನೂ ಅಕ್ಷರಶಃ ಇದನ್ನೇ ಹೇಳಿದ್ದೆ, ಆಮೇಲೆ ಹೇಳಿದ ಮಾತನ್ನು ನುಂಗಿಕೊಂಡಿದ್ದೆ. ಹಾಗಾಗಿ ಕೂತು ಸ್ವಲ್ಪ ಓದಿದೆ. ಓದಿದ್ದನ್ನೂ ಕಂಡದ್ದನ್ನೂ ನಿಮ್ಮ ಮುಂದೆ ಇಡುತ್ತೇನೆ. ನಿಮ್ಮಲ್ಲೂ ಎಷ್ಟೋ ಜನ ಮನೆಯಲ್ಲಿ ಇದೇ ವಾದ ನಡೆಸುತ್ತಿರುತ್ತೀರಿ.

ಮೊದಲು ಅಪ್ಪನ ಕಡೆಯಿಂದ ನೋಡೋಣ. ಅವರ ವಾದ ಸಾಮಾನ್ಯದ್ದಲ್ಲ, ಅದಕ್ಕೆ ಇತಿಹಾಸದ ಬೆಂಬಲವೇ ಇದೆ. 2007ರಲ್ಲಿ ಐಫೋನ್ ಬಂತು, 2008ರ ಜುಲೈನಲ್ಲಿ ಅದರ ಆಪ್ ಸ್ಟೋರ್ ತೆರೆಯಿತು. ಮೂರೇ ವರ್ಷದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿತು. 2011ರಲ್ಲಿ ನಿಂಟೆಂಡೊ ತನ್ನ ಹೊಸ ಕೈ ಕನ್ಸೋಲ್ 3ಡಿಎಸ್ ತಂದಾಗ ಜಪಾನಿನಲ್ಲಿ ಅದರ ಬೆಲೆ 25,000 ಯೆನ್. ಜನ ಕೊಳ್ಳಲಿಲ್ಲ. ಆರು ತಿಂಗಳೊಳಗೆ ಬೆಲೆಯನ್ನು 15,000ಕ್ಕೆ ಇಳಿಸಬೇಕಾಯಿತು. ಕಂಪನಿಯ ಅಧ್ಯಕ್ಷ ಸತೊರು ಇವಾಟಾ ತಮ್ಮ ಸಂಬಳವನ್ನು ಅರ್ಧ ಕಡಿತ ಮಾಡಿಕೊಂಡರು. ಅದೇ ವರ್ಷದ ಕೊನೆಗೆ ಬಂದ ಸೋನಿಯ ಪಿಎಸ್ ವೀಟಾ ಇನ್ನೂ ಶಕ್ತಿಶಾಲಿ, ಇನ್ನೂ ಚೆಂದ, ಆದರೆ ಅದು ಮೇಲೇಳಲೇ ಇಲ್ಲ. 2019ಕ್ಕೆ ಅದರ ತಯಾರಿಕೆ ನಿಂತಿತು. ಹಿಂದಿನ ತಲೆಮಾರಿನ ನಿಂಟೆಂಡೊ ಡಿಎಸ್ 15 ಕೋಟಿಗೂ ಮೀರಿ ಮಾರಾಟವಾಗಿತ್ತು. 3ಡಿಎಸ್, ಬೆಲೆ ಇಳಿಸಿದ ಮೇಲೂ, ಅದರ ಅರ್ಧದ ಹತ್ತಿರ ಬಂದು ನಿಂತಿತು. ಉಳಿದರ್ಧ ಎಲ್ಲಿಗೆ ಹೋಯಿತೆಂದು ಹೇಳಬೇಕಿಲ್ಲ, ಅದು ನಿಮ್ಮ ಜೇಬಿನಲ್ಲೇ ಇದೆ.

ಊರಿನ ಕಡೆ ನೋಡಿದರೆ ಅಪ್ಪನ ವಾದ ಇನ್ನಷ್ಟು ಗಟ್ಟಿ. ನಾನು ಬೆಳೆದ ಪುತ್ತೂರಿನಲ್ಲಿ ನಮಗೆ ಸಿಕ್ಕಿದ್ದು ಜಾತ್ರೆಯ ಅಂಗಡಿಯ ಬ್ರಿಕ್ ಗೇಮ್. ಬೂದು ಪರದೆ, ಮೇಲಿಂದ ಬೀಳುವ ಇಟ್ಟಿಗೆ, ಟೀಂ ಟೀಂ ಸದ್ದು. ಅದರಾಚೆಯ ದುಬಾರಿ ಕನ್ಸೋಲುಗಳು ಮಧ್ಯಮ ವರ್ಗದ ಮನೆಗೆ ಬರುವ ಮೊದಲೇ ಫೋನ್ ಬಂತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಕರ್ನಾಟಕದ ಹುಡುಗರಿಗೆ ಗೇಮ್ ಅಂದರೆ ಫೋನ್ ಎಂದೇ ಅರ್ಥ.

ಹಾಗಾದರೆ ಕನ್ಸೋಲ್ ಸತ್ತಿತೇ? ಇಲ್ಲ. 2017ರ ಮಾರ್ಚ್‌ನಲ್ಲಿ ಬಂದ ಸ್ವಿಚ್ ಕೂಡ 15 ಕೋಟಿ ದಾಟಿತು. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2 ಮೊದಲ ನಾಲ್ಕೇ ದಿನದಲ್ಲಿ 35 ಲಕ್ಷ ಮಾರಾಟವಾಯಿತು. ಎಲ್ಲರ ಕೈಯಲ್ಲೂ ಫೋನ್ ಇರುವ ಕಾಲದಲ್ಲಿ! ಇದು ಹೇಗೆ ಎಂಬುದೇ ಕುತೂಹಲದ ವಿಷಯ.

ಉತ್ತರ ಹುಡುಕಲು ಸ್ವಲ್ಪ ಹಿಂದೆ ಹೋಗಬೇಕು. ನಿಂಟೆಂಡೊದ ಗುನ್ಪೆ ಯೊಕೊಯಿ ಎಂಬ ಎಂಜಿನಿಯರ್, ರೈಲಿನಲ್ಲಿ ಬೇಸರಗೊಂಡ ಒಬ್ಬ ಪ್ರಯಾಣಿಕ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಹೊತ್ತು ಕಳೆಯುವುದನ್ನು ನೋಡಿದರಂತೆ. ಅಲ್ಲಿಂದ ಹುಟ್ಟಿದ್ದು 1980ರ ಗೇಮ್ ಅಂಡ್ ವಾಚ್. ಅದರ ಒಂದು ಪ್ರತಿಯನ್ನು ಸ್ವೀಡನ್ನಿನ ಓವೆ ಬರ್ಗ್‌ಸ್ಟೆನ್ ಎಂಬ ವ್ಯಾಪಾರಿ ಸಿಂಗಾಪುರದಲ್ಲಿ ಕಂಡರು. ಕುಂಗ್ಸ್‌ಬಾಕಾದ ಅವರ ಬರ್ಗ್‌ಸಾಲಾ ಕಂಪನಿ 1981ರಿಂದ ಅದನ್ನು ಇಲ್ಲಿಗೆ ತರಿಸಿ ಮಾರತೊಡಗಿತು. ನಿಮ್ಮ ಸ್ವೀಡಿಶ್ ಗೆಳೆಯರ ಅಪ್ಪಂದಿರು ನಿಂಟೆಂಡೊ ಹೆಸರೆತ್ತಿದರೆ ಕರಗಿಹೋಗುವುದು ಸುಮ್ಮನೆ ಅಲ್ಲ.

ಯೊಕೊಯಿ ಅವರದೊಂದು ನಂಬಿಕೆ: ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕೆಲಸಕ್ಕೆ ಬಳಸಬೇಕು. 1989ರ ಗೇಮ್ ಬಾಯ್‌ಗೆ ಬಣ್ಣವೂ ಇಲ್ಲ, ಪರದೆಗೆ ಬೆಳಕೂ ಇಲ್ಲ. ಅದರ ಎದುರಾಳಿ ಸೇಗಾದ ಗೇಮ್ ಗೇರ್‌ಗೆ ಎರಡೂ ಇದ್ದವು. ಆದರೆ ಅದು ಆರು ಬ್ಯಾಟರಿಗಳನ್ನು ನಾಲ್ಕೈದು ಗಂಟೆಯೊಳಗೆ ಮುಗಿಸುತ್ತಿತ್ತು. ಗೇಮ್ ಬಾಯ್ ನಾಲ್ಕೇ ಬ್ಯಾಟರಿಯಲ್ಲಿ ಹದಿನೈದು ಗಂಟೆಯ ಆಸುಪಾಸು ನಡೆಯುತ್ತಿತ್ತು. ಯಾರು ಗೆದ್ದರೆಂದು ಗೊತ್ತೇ ಇದೆ. ಅಂದರೆ ಕೈ ಕನ್ಸೋಲ್ ತನ್ನ ಶಕ್ತಿಯಿಂದ ಗೆದ್ದದ್ದು ಅಪರೂಪ. ಆಡುವವನ ಕೈಗೂ ಜೇಬಿಗೂ ಹೊಂದಿಕೊಂಡು ಗೆದ್ದದ್ದೇ ಹೆಚ್ಚು.

ಇವತ್ತೂ ಅಷ್ಟೆ. ಒಳ್ಳೆಯ ಫೋನಿನ ಚಿಪ್ ಬಲು ಚುರುಕು. ಆದರೆ ಫೋನ್ ತೆಳ್ಳಗೆ, ಒಳಗೆ ಫ್ಯಾನ್ ಇಲ್ಲ. ಅರ್ಧ ಗಂಟೆ ಭಾರವಾದ ಗೇಮ್ ಆಡಿದರೆ ಬಿಸಿಯಾಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಗಾಜಿನ ಮೇಲೆ ಹೆಬ್ಬೆರಳು ಇಟ್ಟರೆ ನೋಡಬೇಕಾದ ಜಾಗವೇ ಮುಚ್ಚಿಹೋಗುತ್ತದೆ. ಗುಂಡಿಯಾದರೆ ಬೆರಳಿಗೆ ಅದರ ಅಂಚು ಸಿಗುತ್ತದೆ, ಕಣ್ಣು ಆಟದ ಮೇಲೇ ಇರುತ್ತದೆ. ಹಾರ್ಮೋನಿಯಂ ನುಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ವ್ಯತ್ಯಾಸ ದುಡ್ಡು ಹುಟ್ಟುವ ದಾರಿಯಲ್ಲಿದೆ. ಒಂದೇ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಎರಡು ಆಟ ತೆಗೆದುಕೊಳ್ಳಿ. ಮೊಯಾಂಗ್‌ನವರ ಮೈನ್‌ಕ್ರಾಫ್ಟ್ ಅನ್ನು ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಸಾಕು, ಎಷ್ಟು ಬೇಕಾದರೂ ಆಡಬಹುದು. ಕಿಂಗ್ ಕಂಪನಿಯ ಕ್ಯಾಂಡಿ ಕ್ರಶ್ ಪುಕ್ಕಟೆ. ಆದರೆ ಐದು ಸಲ ಸೋತರೆ ಐದು ಜೀವವೂ ಖಾಲಿ, ಒಂದು ಜೀವ ಮರಳಲು ಅರ್ಧ ಗಂಟೆ ಕಾಯಬೇಕು, ಕಾಯಲಾರದವರು ದುಡ್ಡು ಕೊಡಬಹುದು. ಮೊದಲನೆಯದು ನೀವು ಕೊಳ್ಳುವ ತನಕ ನಿಮ್ಮ ಹಿಂದೆ ಬೀಳುತ್ತದೆ. ಎರಡನೆಯದು ಇಳಿಸಿಕೊಂಡ ಮೇಲೆ ಹಿಂದೆ ಬೀಳಲು ಶುರುಮಾಡುತ್ತದೆ. ಫೋನಿನ ಆಟಗಳೆಲ್ಲ ಹೀಗೇ ಅಂತಲ್ಲ, ಆದರೆ ಪುಕ್ಕಟೆ ಆಟಗಳಲ್ಲಿ ಬಹುಪಾಲು ಈ ದಾರಿಯವೇ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಹೆಸರು ಬೇಡ, ಒಂದು ಪುಕ್ಕಟೆ ಫೋನ್ ಆಟದಲ್ಲಿ ಮಗ ಎರಡು ತಿಂಗಳಲ್ಲಿ ಹರಳು, ಚಿನ್ನ, ಪೆಟ್ಟಿಗೆ ಅಂತ 1,900 ಕ್ರೋನಾ ಕಳೆದಿದ್ದ. ಒಂದೊಂದು ಸಲಕ್ಕೆ ಐವತ್ತೋ ಎಂಬತ್ತೋ. ಕಾರ್ಡ್ ನನ್ನದು, ನೋಡದೆ ಬಿಟ್ಟವಳೂ ನಾನೇ. ಬೈದೆ. ಆಮೇಲೆ ಲೆಕ್ಕ ಹಾಕಿದರೆ ಆ ದುಡ್ಡಿಗೆ ಕೈ ಬದಲಾದ ಒಂದು ಹಳೆಯ ಸ್ವಿಚ್ಚೇ ಬರುತ್ತಿತ್ತು. ಮುಂದಿನ ಹುಟ್ಟುಹಬ್ಬಕ್ಕೆ ಅದು ಮನೆಗೆ ಬಂತು.

ಹೋದ ವರ್ಷ ಬೇಸಿಗೆ ರಜೆಗೆ ಅದನ್ನೂ ಹಿಡಿದುಕೊಂಡು ಪುತ್ತೂರಿಗೆ ಹೋದೆವು. ಇಲ್ಲಿಯ ಶಾಲೆಗಳ ರಜೆಯ ಕೊನೆಯ ಪಾಲು ನಮ್ಮ ಕಡೆ ಆಟಿ ತಿಂಗಳು. ಜಡಿಮಳೆ, ಗದ್ದೆ ಕೆಲಸ ಮುಗಿದಿರುತ್ತದೆ, ಹೊರಗೆ ಕಾಲಿಡುವಂತಿಲ್ಲ. ಮೊದಲ ಎರಡು ದಿನ ಅಣ್ಣನ ಮಕ್ಕಳಿಗೆ ಸ್ವಿಚ್ ಅಂದರೆ ಅದ್ಭುತ. ಮೂರನೇ ದಿನ ಎಲ್ಲರೂ ಫೋನಿಗೆ ಮರಳಿದರು. ಅವರ ಶಾಲೆಯ ಗೆಳೆಯರೆಲ್ಲ ಅಲ್ಲಿ ಬಿಜಿಎಂಐ ಆಡುತ್ತಿರುವಾಗ ಸ್ವೀಡನ್ನಿನ ಡಬ್ಬ ಯಾರಿಗೆ ಬೇಕು? ಮಗನ ಮುಖ ಸಪ್ಪೆಯಾಯಿತು. ಇಲ್ಲಿ ಅಪ್ಪಂದಿರ ಪಕ್ಷ ಗೆದ್ದಿತೆಂದು ಒಪ್ಪಲೇಬೇಕು. ಜತೆಗಾರರು ಎಲ್ಲಿದ್ದಾರೋ ಆಟವೂ ಅಲ್ಲೇ.

ಪಟ್ಟು ಬದಲಾದದ್ದು ಕರೆಂಟು ಹೋದಾಗ. ಟವರೂ ಸತ್ತಿತು, ಇಂಟರ್ನೆಟ್ ಇಲ್ಲದೆ ಬಿಜಿಎಂಐ ಇಲ್ಲ. "ಎಂತ ಮಾರಾಯ, ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು ಕೂತಿದ್ದೀರಿ" ಎನ್ನುತ್ತ ಅಮ್ಮ ಅಟ್ಟದಿಂದ ಚೆನ್ನೆಮಣೆ ಇಳಿಸಿದರು. ನೀವು ನೋಡಿರದಿದ್ದರೆ ಹೇಳುತ್ತೇನೆ: ಮರದ ಹಲಗೆ, ಎರಡು ಸಾಲಿನಲ್ಲಿ ಏಳೇಳು ಗುಳಿ, ಗುಳಿಗೆ ನಾಲ್ಕರಂತೆ ಬೀಜ. ಘಟ್ಟದ ಮೇಲೆ ಅಳಗುಳಿಮಣೆ ಎನ್ನುತ್ತಾರೆ. ಬೀಜವನ್ನು ಒಂದೊಂದಾಗಿ ಹಂಚುತ್ತ ಹೋಗಿ ಲೆಕ್ಕ ಸರಿಯಾದರೆ ಎದುರಾಳಿಯದನ್ನು ಬಾಚಿಕೊಳ್ಳುವುದು. ಆ ಹಲಗೆಯಿಂದ ಬೇರೆ ಯಾವ ಉಪಯೋಗವೂ ಇಲ್ಲ. ಚಪಾತಿ ಲಟ್ಟಿಸಲೂ ಬರುವುದಿಲ್ಲ! ನಮ್ಮ ಮನೆಯಲ್ಲಿ ಅದನ್ನು ಆಟಿಯಲ್ಲಿ ಮಾತ್ರ ಇಳಿಸುವುದು, ತಿಂಗಳು ಮುಗಿದರೆ ಮತ್ತೆ ಅಟ್ಟಕ್ಕೆ. ಸ್ವೀಡನ್ನಿನ ಲೋರ್ಡಾಗ್ಸ್‌ಗೂದಿಸ್ ನಿಮಗೆ ಗೊತ್ತಲ್ಲ, ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ. ಅದೇ ಜಾತಿಯ ಕಟ್ಟಳೆ.

ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದೆಂದೂ ಇದೆ. ತುಳುವಿನ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಹೆಣ್ಣುಮಕ್ಕಳು ಚೆನ್ನೆ ಆಡುತ್ತ ಜಗಳವಾಡುತ್ತಾರೆ. ಒಬ್ಬಳು ಮಣೆ ಎತ್ತಿ ಇನ್ನೊಬ್ಬಳ ತಲೆಗೆ ಹೊಡೆಯುತ್ತಾಳೆ, ಅವಳು ಸಾಯುತ್ತಾಳೆ, ಹೊಡೆದವಳು ಬಾವಿಗೆ ಹಾರುತ್ತಾಳೆ. ಆಟದ ಹುಚ್ಚು ಇಂಟರ್ನೆಟ್ಟಿನೊಂದಿಗೆ ಹುಟ್ಟಿದ್ದು ಎನ್ನುವ ಹಿರಿಯರಿಗೆ ಈ ಕತೆ ನೆನಪಿಸಿ.

ಅಮ್ಮ ನಾಲ್ಕು ಮೊಮ್ಮಕ್ಕಳನ್ನೂ ಸೋಲಿಸಿದ ಮೇಲೆ ಮಗ ಚಾರ್ಜ್ ಇದ್ದ ಸ್ವಿಚ್ ತಂದು ಮಣೆಯ ಪಕ್ಕ ನಿಲ್ಲಿಸಿದ. ಅದರ ಎರಡು ಬದಿಯ ಗುಂಡಿಪಟ್ಟಿಗಳು ಕಳಚಿಬರುತ್ತವೆ, ಒಂದು ಇವನಿಗೆ, ಒಂದು ಅವನಿಗೆ. ಸೋತವರು ಏಳಬೇಕು, ಮುಂದಿನವರು ಕೂರಬೇಕು. ನಾಲ್ಕು ಫೋನ್ ಇದ್ದಾಗ ನಾಲ್ಕು ಮೂಲೆ ಇತ್ತು. ಒಂದೇ ಪರದೆಯಾದಾಗ ಎಲ್ಲರೂ ಒಂದೇ ಚಾಪೆಯ ಮೇಲೆ. ಕರೆಂಟು ಬಂದ ಮೇಲೂ ಒಂದಷ್ಟು ಹೊತ್ತು ಹಾಗೇ ಇದ್ದರು. ಆಮೇಲೆ ಹಿರಿಯವನು ಫೋನ್ ಚಾರ್ಜಿಗೆ ಹಾಕಲು ಎದ್ದ, ಅಲ್ಲಿಗೆ ಮುಗಿಯಿತು.

ಹಾಗಾಗಿ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಫೋನಿಗೆ ಬದಲಾಗಿ ಕನ್ಸೋಲ್ ಎಂದು ಅಪ್ಪನ ಹತ್ತಿರ ವಾದಿಸಬೇಡ, ಆ ಪಂದ್ಯ 2011ರಲ್ಲೇ ಮುಗಿದಿದೆ. ಕನ್ಸೋಲಿನಲ್ಲಿ ವಾಟ್ಸಾಪ್ ಇಲ್ಲ, ಬ್ಯಾಂಕ್ ಇಲ್ಲ, ಶಾಲೆಯ ಸಂದೇಶ ಇಲ್ಲ. ಅದನ್ನು ಕೆಳಗಿಟ್ಟರೆ ಆಟ ಮುಗಿಯಿತು. ಆ ಇಲ್ಲದಿರುವಿಕೆಗೇ ನೀನು ದುಡ್ಡು ಕೊಡುತ್ತಿರುವುದು, ಅದು ನಿನಗೆ ಬೇಕೋ ನೋಡಿಕೋ. ಹೊಸ ಆಟವೊಂದಕ್ಕೆ ಆರೇಳು ನೂರು ಕ್ರೋನಾ ಆದೀತು, ಅದನ್ನೂ ಲೆಕ್ಕಕ್ಕೆ ಹಿಡಿ. ಆದರೆ ಕಾರ್ಡಿನ ಆಟವನ್ನು ಆಡಿ ಮುಗಿಸಿ ಟ್ರಾಡೆರಾದಲ್ಲಿ ಮಾರಬಹುದು, ಗೆಳೆಯನಿಗೆ ಕೊಡಬಹುದು. ಇಲ್ಲಿಯ ಎಷ್ಟೋ ಗ್ರಂಥಾಲಯಗಳು ಪುಸ್ತಕದಂತೆ ಗೇಮ್‌ಗಳನ್ನೂ ಎರವಲು ಕೊಡುತ್ತವೆ. ಡೌನ್‌ಲೋಡ್ ಮಾಡಿದ ಆಟ ಹಾಗೆ ಕೈ ಬದಲಾಗುವುದಿಲ್ಲ. ಸ್ವಿಚ್ 2ರ ಕೆಲವು ಪೆಟ್ಟಿಗೆಗಳಲ್ಲಿ ಕಾರ್ಡ್ ಇದ್ದರೂ ಆಟ ಅದರೊಳಗೆ ಇರುವುದಿಲ್ಲ, ಬೀಗದ ಕೈ ಮಾತ್ರ ಇರುತ್ತದೆ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಓದಿಯೇ ಕೊಳ್ಳು.

ಅವನು ಹೊಸತು ಕೊಳ್ಳಲಿಲ್ಲ. ಅಪ್ಪ-ಮಗ ಸೇರಿ ಯಾರೋ ಮಾರುತ್ತಿದ್ದ ಹಳೆಯ ಸ್ವಿಚ್ ತಂದರು, ಉಳಿದ ದುಡ್ಡು ಬ್ಯಾಂಕಿನಲ್ಲಿದೆ. ಕಳೆದ ಶನಿವಾರ ಹಳದಿ ಟ್ರಾಮ್ ಇಳಿದು ತರಗತಿಗೆ ಬರುವಾಗ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಒತ್ತಕ್ಷರ ಮುಗಿಸಿದ ಮೇಲೆ ನನ್ನ ಕೈಗೂ ಒಂದು ಗುಂಡಿಪಟ್ಟಿ ಕೊಟ್ಟ. ಮಾರಿಯೊ ಕಾರ್ಟ್‌ನಲ್ಲಿ ಮೂರು ಓಟ ಓಡಿಸಿದೆ, ಮೂರರಲ್ಲೂ ಹನ್ನೆರಡನೆಯವಳು. ಒಟ್ಟು ಇರುವುದೇ ಹನ್ನೆರಡು ಜನ.