ಗಣಕಜಾಲದ ಕಾಲನಿರ್ಣಯ ಮತ್ತು ಅಗ್ಗದ ಜಿಪಿಎಸ್ ರಿಸೀವರ್

ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗ್ 1901ರಲ್ಲಿ ಸ್ಥಾಪಿಸಿದ ನಿಜಾಮಿಯಾ ವೀಕ್ಷಣಾಲಯವು ಮುಂದೆ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ನಕ್ಷತ್ರವೊಂದು ಯಾಮ್ಯೋತ್ತರ ರೇಖೆಯನ್ನು ದಾಟುವ ಕ್ಷಣವನ್ನು ಹಿಡಿದು ಗಡಿಯಾರ ತಿದ್ದುವುದು ಆ ಕಾಲದ ವೀಕ್ಷಣಾಲಯಗಳ ರೂಢಿಯಾಗಿತ್ತು. ಇಂದು ಅದೇ ನಗರದ ಯಾವುದೇ ಕಚೇರಿಯ ಕಿಟಕಿಯಲ್ಲಿಟ್ಟ, ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಜಿಪಿಎಸ್ ರಿಸೀವರ್ ಆ ಕೆಲಸವನ್ನು ಮಾಡಬಲ್ಲದು. ನಕ್ಷತ್ರದ ಸ್ಥಾನದಲ್ಲಿ ಈಗ ಪರಮಾಣು ಗಡಿಯಾರವನ್ನು ಹೊತ್ತ ಉಪಗ್ರಹವಿದೆ.

ಗಣಕಜಾಲಕ್ಕೆ ಇಂಥ ಕಾಲಸೂಕ್ಷ್ಮತೆ ಏಕೆ ಬೇಕೆಂಬುದು ಸಹಜವಾದ ಪ್ರಶ್ನೆ. ನಮ್ಮ ಪರಂಪರೆಯ ಗಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ವಿಗಳಿಗೆಗೆ ಇಪ್ಪತ್ತನಾಲ್ಕು ಸೆಕೆಂಡು. ಪಂಚಾಂಗಕ್ಕೆ ಅಷ್ಟು ಸಾಕು. ಆದರೆ ವಿದ್ಯಾರ್ಥಿಯೊಬ್ಬನ ಅರ್ಜಿ ಗಡುವಿನ ಕೊನೆಯ ಸೆಕೆಂಡಿನಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ತಲುಪಿದಾಗ, ಎರಡರ ಗಡಿಯಾರಗಳೂ ಹೊಂದದಿದ್ದರೆ ಅರ್ಜಿ ಸಕಾಲದ್ದೋ ತಡವಾದದ್ದೋ ಎಂಬುದನ್ನು ದಾಖಲೆ ಹೇಳಲಾರದು. ಗಣಕಗಳು ರಾಷ್ಟ್ರೀಯ ಭೌತ ಪ್ರಯೋಗಾಲಯ ಮೊದಲಾದ ಮೂಲಗಳ ಕಾಲಕ್ಕೆ ಹೊಂದಿಕೊಂಡಿರಬೇಕೆಂದು 2022ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ನಿರ್ದೇಶಿಸಿತು. ಸ್ವಂತ ರಿಸೀವರ್ ಈ ಹೊಣೆಯನ್ನು ನೀಗುವುದಿಲ್ಲ. ಅಂತರಜಾಲ ಕಡಿದಾಗ ಕಾಲವು ಕೆಡದಂತೆ ಕಾಯುತ್ತದೆ, ಅಷ್ಟೆ.

ಆಯ್ಕೆಯಲ್ಲಿ ಕೊಳ್ಳುವವರು ಎಡವುವುದು ಒಂದೇ ಕಡೆ. ರಿಸೀವರ್ ಕಾಲವನ್ನು ಎರಡು ಬಗೆಯಲ್ಲಿ ಹೇಳುತ್ತದೆ: ಗಂಟೆ-ನಿಮಿಷಗಳನ್ನು ತಿಳಿಸುವ ಅಕ್ಷರಸಾಲಾಗಿ ಮತ್ತು ಸೆಕೆಂಡಿನ ಆರಂಭವನ್ನು ಸೂಚಿಸುವ ವಿದ್ಯುತ್ ಮಿಡಿತವಾಗಿ. ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ ಎಪ್ಪತ್ತು ಅಕ್ಷರಗಳ ಸಾಲು ತಲುಪಲು ಸುಮಾರು 73 ಮಿಲಿಸೆಕೆಂಡು ಹಿಡಿಯುತ್ತದೆ; ಆ ವಿಳಂಬವೂ ಪ್ರತಿ ಸಲ ಒಂದೇ ಆಗಿರುವುದಿಲ್ಲ. ಮಿಡಿತವಾದರೋ ಮೈಕ್ರೊಸೆಕೆಂಡಿಗಿಂತಲೂ ನಿಖರ. ಕೆಲವು ನೂರು ರೂಪಾಯಿಗೆ ದೊರೆಯುವ ನಿಯೊ-6ಎಂ ಫಲಕಗಳಲ್ಲಿ ಅನೇಕವು ನಾಲ್ಕೇ ಪಿನ್ನುಗಳವು: ವಿದ್ಯುತ್ತಿಗೆ ಎರಡು, ಸಂದೇಶಕ್ಕೆ ಎರಡು. ಮಿಡಿತವು ಪುಟ್ಟ ದೀಪವನ್ನು ಮಿನುಗಿಸಿ ಅಲ್ಲಿಯೇ ಮುಗಿಯುತ್ತದೆ, ಹೊರಗೆ ಬರುವುದಿಲ್ಲ. ಇದು ದಾರಿ ಹುಡುಕಲು ಸಾಕು, ಕಾಲ ಕಾಯಲು ಸಾಲದು. ಆದ್ದರಿಂದ ಮಿಡಿತಕ್ಕೆ ಪ್ರತ್ಯೇಕ ಪಿನ್ನಿರುವ ಫಲಕಕ್ಕೆ ತುಸು ಹೆಚ್ಚು ತೆತ್ತರೂ ನಷ್ಟವಿಲ್ಲ. ಅದನ್ನು ಯುಎಸ್‌ಬಿ ಮೂಲಕ ಜೋಡಿಸಿದರೆ ನಿಖರತೆ ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುವುದರಿಂದ ನೇರ ತಂತಿಯೇ ಲೇಸು.

ಸ್ಥಳ ಮತ್ತು ಕಾಲ ಎರಡನ್ನೂ ತಿಳಿಯಲು ನಾಲ್ಕು ಉಪಗ್ರಹಗಳು ಬೇಕು. ಸ್ಥಳವನ್ನು ಮೊದಲೇ ನಿಶ್ಚಯಿಸಿಕೊಂಡ ಕಾಲಮಾಪಕ ರಿಸೀವರಿಗೆ ಒಂದೇ ಸಾಕು. ಸುತ್ತಲೂ ಎತ್ತರದ ಕಟ್ಟಡಗಳಿರುವ ಕಚೇರಿಗಳಿಗೆ ಇದು ದೊಡ್ಡ ಅನುಕೂಲ. ಭಾರತದ್ದೇ ಆದ ನಾವಿಕ್ ವ್ಯವಸ್ಥೆಯ ಕಾಲವನ್ನು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ನಿರ್ವಹಿಸಲಾಗುತ್ತದೆಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ ಅದರ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿರುವುದರಿಂದ ಜಿಪಿಎಸ್ಸನ್ನೂ ಗ್ರಹಿಸುವ ರಿಸೀವರೇ ಯೋಗ್ಯ.

ಹಳೆಯ ದಾಸ್ತಾನಿನ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಅವಶ್ಯ. ಜಿಪಿಎಸ್ಸಿನ ಮೂಲ ಸಂದೇಶವು ವಾರಗಳನ್ನು 1023ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ತೊಡಗುತ್ತದೆ. ಈ ಆವರ್ತ 1999ರ ಆಗಸ್ಟ್‌ನಲ್ಲಿಯೂ 2019ರ ಏಪ್ರಿಲ್‌ನಲ್ಲಿಯೂ ಮುಗಿದಿತ್ತು. ಮುಂದಿನದು 2038ರ ನವೆಂಬರ್‌ನಲ್ಲಿ. ತಂತ್ರಾಂಶವನ್ನು ನವೀಕರಿಸದ ರಿಸೀವರ್ ಸೆಕೆಂಡನ್ನು ಕರಾರುವಾಕ್ಕಾಗಿ ಮಿಡಿಯುತ್ತಲೇ ದಿನಾಂಕವನ್ನು ಹತ್ತೊಂಬತ್ತೂವರೆ ವರ್ಷಕ್ಕೂ ಹಿಂದಿನದಾಗಿ ಹೇಳಬಹುದು.